ದವನದ ಹುಣ್ಣಿಮೆಯ ಗುಡ್ ಫ್ರೈಡೆ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ಅಶೋಕನಿಂದ ಔರಂಗಜೇಬನ ತನಕ ಇಸವಿಗಳೆಲ್ಲ ಬಾಯಿಪಾಠ. ಆದರೆ ಪಕ್ಕದ ಮನೆಯವರ ಹಬ್ಬ ಯಾವತ್ತು ಬರುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ, ಎಡವಟ್ಟಾದದ್ದು ಅಲ್ಲೇ.

ಚನ್ನಗಿರಿಯಲ್ಲಿ ನಮ್ಮ ಪಕ್ಕದ ಮನೆ ಸ್ಟೆಲ್ಲಾ ಸಿಸ್ಟರ್ ಅವರದು. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ನನ್ನ ಮಗಳು ಸವಿತಾ ಹುಟ್ಟಿದಾಗ ಮೊದಲು ಎತ್ತಿಕೊಂಡವರೇ ಅವರು. ಅವರೆದುರು ನಾನು ವರ್ಷಗಟ್ಟಲೆ ಒಂದೇ ಭಾಷಣ ಬಿಗಿಯುತ್ತಿದ್ದೆ: "ಹಬ್ಬದ ಶಿಸ್ತು ಅಂದ್ರೆ ನಿಮ್ದು ಬಿಡ್ರಿ. ಡಿಸೆಂಬರ್ ಇಪ್ಪತ್ತೈದು ಅಂದ್ರೆ ಇಪ್ಪತ್ತೈದೇ. ನಮ್ಮವು ಚಂದ್ರನ ಬೆನ್ನು ಹತ್ತಿ ಅಲೀತಾವೆ." ಅವರು ನಕ್ಕುಬಿಡುತ್ತಿದ್ದರು. ಆ ನಗೆಯನ್ನು ನಾನು ಒಪ್ಪಿಗೆ ಎಂದೇ ತಿಳಿದಿದ್ದೆ.

ಸವಿತಾಳ ನಿಶ್ಚಿತಾರ್ಥದ ಮಾತು ಬಂತು. ಅವಳದು ಒಂದೇ ಷರತ್ತು: "ಅವತ್ತು ಸಿಸ್ಟರಮ್ಮ ನನ್ನ ಪಕ್ಕ ಕೂತು ಹೋಳಿಗೆ ತಿನ್ನಬೇಕು." ನಾನೋ ಮಹಾ ಜಾಣ. ಹಳೇ ಡೈರಿ ತೆಗೆದು, ಹೋದ ವರ್ಷ ಗುಡ್ ಫ್ರೈಡೆ ಬಂದಿದ್ದ ತಾರೀಖನ್ನು ಬಿಟ್ಟು, ಮುಹೂರ್ತ ನೋಡಿದ ಅಯ್ಯನವರು ಹೇಳಿದ ದವನದ ಹುಣ್ಣಿಮೆಯ ಶುಕ್ರವಾರವನ್ನು ಗೊತ್ತು ಮಾಡಿದೆ. ಹೊನ್ನಾಳಿಯ ಬೀಗರು ನೆಂಟರಿಗೆಲ್ಲ ಹೇಳಿದ್ದೂ ಆಯಿತು. ಆಮೇಲೆ ಕರೆಯಲು ಹೋದರೆ ಸಿಸ್ಟರ್ ಹಣೆ ಒತ್ತಿಕೊಂಡರು.

"ಮೇಷ್ಟ್ರೇ, ಅವತ್ತೇ ಗುಡ್ ಫ್ರೈಡೆ. ನಂದು ಉಪವಾಸ ಐತಲ್ರೀ!"

"ಹೋದ ವರ್ಷ ಬೇರೆ ತಾರೀಖಿತ್ತಲ್ರೀ?"

"ನಮ್ದೂ ಚಂದ್ರನ ಬೆನ್ನು ಹತ್ತಿದ ಹಬ್ಬಾನೇ. ನೀವು ಕೇಳಿದ್ರೆ ತಾನೇ ಹೇಳಾಕೆ?"

ಅಂದು ನಾನು ಹಿಂದಿನ ಬೆಂಚಿನ ಹುಡುಗನಂತೆ ಕೂತು ಪಾಠ ಕೇಳಿದೆ. ಯೇಸು ಹುಟ್ಟಾ ಯೆಹೂದ್ಯ. ಐಗುಪ್ತದ, ಅಂದರೆ ಈಜಿಪ್ಟಿನ, ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿಗೆ ಯೆಹೂದ್ಯರು ಹುಣ್ಣಿಮೆಗೆ ಪಸ್ಕ ಹಬ್ಬ ಮಾಡುತ್ತಾರೆ. ಹೊರಡುವ ಅವಸರದಲ್ಲಿ ಹಿಟ್ಟು ಹುಳಿಯಲು ಪುರುಸೊತ್ತಿರಲಿಲ್ಲವಂತೆ, ಅದಕ್ಕೇ ಇವತ್ತಿಗೂ ಹುಳಿಯಿಲ್ಲದ ರೊಟ್ಟಿ. ಯೇಸುವನ್ನು ಶಿಲುಬೆಗೇರಿಸಿದ್ದು ಆ ಹಬ್ಬದ ದಿನಗಳಲ್ಲೇ. ಹಾಗಾಗಿ ಆ ಕಾಲದ ಹುಣ್ಣಿಮೆ ಕಳೆದ ಭಾನುವಾರ ಯೇಸು ಎದ್ದುಬಂದ ಈಸ್ಟರ್, ಅದಕ್ಕೆ ಎರಡು ದಿನ ಮುಂಚೆ ಗುಡ್ ಫ್ರೈಡೆ. ಈಸ್ಟರ್‌ನಿಂದ ಐವತ್ತನೆಯ ದಿನ ಬರುವ ಕ್ರೈಸ್ತರ ಪೆಂಟೆಕೋಸ್ಟ್ ಹಬ್ಬ ಕೂಡ ಮೂಲದಲ್ಲಿ ಯೆಹೂದ್ಯರ ಸುಗ್ಗಿಯ ಹಬ್ಬವಂತೆ. "ಮತ್ತೆ ಕ್ರಿಸ್‌ಮಸ್?" ಎಂದೆ. "ಆ ತಾರೀಖು ಬೈಬಲ್‌ನಾಗೆ ಇಲ್ರೀ. ಆಮೇಲೆ ಹಿರಿಯರು ಗೊತ್ತು ಮಾಡಿದ್ದು."

ನನ್ನ ಜನ್ಮದಿನವೂ ಹೀಗೆಯೇ. ಶಾಲೆಗೆ ಸೇರಿಸುವಾಗ ಅಪ್ಪನಿಗೆ ತಾರೀಖು ನೆನಪಿರಲಿಲ್ಲ. ಹೆಡ್‌ಮಾಸ್ತರರು ಜೂನ್ ಒಂದು ಎಂದು ಬರೆದುಕೊಂಡರು, ನಮ್ಮ ತರಗತಿಯ ಅರ್ಧ ಮಕ್ಕಳು ಅಂದೇ ಹುಟ್ಟಿದ್ದೇವೆ. ಅಂತೂ ನಾನು ಶಿಸ್ತು ಎಂದು ಹೊಗಳಿದ್ದ ಹಬ್ಬದ ತಾರೀಖೇ ಅಂದಾಜಿನದು, ಅಲೆಯುವ ಹಬ್ಬಕ್ಕೇ ಬೇರು ಗಟ್ಟಿ.

ಆದರೂ ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ಯೆಹೂದ್ಯರಿಗೆ ಸೂರ್ಯ ಮುಳುಗಿದರೆ ಮರುದಿನ ಶುರು ಎಂದು ಎಲ್ಲೋ ಓದಿದ್ದೆ. "ಹಂಗಾದ್ರೆ ಶುಕ್ರವಾರ ಸಂಜೆಗೇ ಮುಗೀತಲ್ರೀ, ಆಮೇಲೆ ಊಟಕ್ಕೆ ಬನ್ನಿ" ಎಂದೆ.

"ಸೂರ್ಯ ಮುಳುಗಿದ್ರೆ ಅವರಿಗೆ ಸಬ್ಬತ್ ಶುರು, ವಾರದ ವಿಶ್ರಾಂತಿ ದಿನ. ಒಲೆ ಹಚ್ಚಂಗಿಲ್ಲ. ನಿಮ್ಮ ಬೀಗರಿಗೆ ತಣ್ಣನೆ ಸಾರು ಬಡಿಸ್ತೀರೇನು?"

ನಾನು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.

ನಿಶ್ಚಿತಾರ್ಥದ ದಿನ ಸಿಸ್ಟರ್ ಚರ್ಚಿನಿಂದ ನೇರ ಬಿಳಿ ಸೀರೆಯಲ್ಲೇ ಬಂದರು. ಹಸಿದ ಹೊಟ್ಟೆಯಲ್ಲೇ ಬೀಗರಿಗೆಲ್ಲ ತಾವೇ ತುಪ್ಪ ಬಡಿಸಿದರು. ಸವಿತಾ ಅನ್ನ ಸಾರು ಉಂಡಳು, ಹೋಳಿಗೆ ಮುಟ್ಟಲಿಲ್ಲ. ಮಗಳು ಕೇಳಿದ್ದು ಒಂದೇ, ಅದನ್ನೂ ಕೆಡಿಸಿದೆನಲ್ಲ ಎಂದು ನಾನೂ ನನ್ನ ಎಲೆಯ ಹೋಳಿಗೆಯನ್ನು ಪಕ್ಕಕ್ಕೆ ಸರಿಸಿದೆ.

ಈಸ್ಟರ್ ಭಾನುವಾರ ಬೆಳಿಗ್ಗೆ ಚರ್ಚು ಮುಗಿಸಿ ಸಿಸ್ಟರ್ ನೇರ ನಮ್ಮ ಅಡುಗೆಮನೆಗೇ ಬಂದರು. "ಎಲ್ಲೈತೆ ನನ್ನ ಹೋಳಿಗೆ?" ನನ್ನ ಹೆಂಡತಿ ಗಿರಿಜಾ ಎತ್ತಿಟ್ಟಿದ್ದನ್ನು ಹಂಚಿನ ಮೇಲೆ ಬಿಸಿ ಮಾಡಿದಳು. ಸವಿತಾ ಅವರಿಗೆ ಒತ್ತಿಕೊಂಡು ಕೂತಳು. ಸಿಸ್ಟರ್ ಹೋಳಿಗೆ ಮುರಿದು ನೋಡಿ, "ಇದಕ್ಕೂ ಹುಳಿ ಇಲ್ಲ, ಪಸ್ಕದ ರೊಟ್ಟೀನೇ" ಎಂದರು. ಐಗುಪ್ತದಿಂದ ಓಡುವವರಿಗೆ ಹೂರಣ ರುಬ್ಬಲು ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ ಎಂದೆ. ಸಿಸ್ಟರೂ ಸವಿತಾಳೂ ನಗುತ್ತಾ ಮೊದಲ ತುತ್ತನ್ನು ಒಬ್ಬರ ಬಾಯಿಗೊಬ್ಬರು ಇಟ್ಟರು.

ಈ ಸಲ ಹೊಸ ಪಂಚಾಂಗ ತಂದವನೇ ದವನದ ಹುಣ್ಣಿಮೆಯ ಪುಟ ತೆಗೆದು, ಸಿಸ್ಟರನ್ನು ಕೇಳಿಕೊಂಡು, ಕೆಂಪು ಶಾಯಿಯಲ್ಲಿ ಬರೆದೆ: "ಶುಕ್ರವಾರ ಸಿಸ್ಟರ್ ಊಟ ಮಾಡುವುದಿಲ್ಲ." ಮರುದಿನ ನೋಡಿದರೆ ಕೆಳಗೆ ಗಿರಿಜಾಳ ಅಕ್ಷರ: "ಭಾನುವಾರ ನಮ್ಮಲ್ಲೇ ಮಾಡುತ್ತಾರೆ. ಬೇಳೆ ನೆನೆಹಾಕಬೇಕು."