ದಾರದ ರೀಲು ಕೊಡುತ್ತಿದ್ದ ಮಾತಿನಮಲ್ಲಿ

ಕೇಳಿರಿ, ಹೆತ್ತವರೇ, ಹೆರದೆಯೂ ಮಕ್ಕಳನ್ನು ಎತ್ತಿ ಆಡಿಸಿದವರೇ, ನೀವೂ ಹತ್ತಿರ ಕುಳಿತು ಕೇಳಿರಿ.

ಇಕ್ಕಟ್ಟಾದ ಬೀದಿಯೊಂದರಲ್ಲಿ ಬಟ್ಟೆ ಹೊಲಿದು ಬಾಳುವ ಹೆಂಗಸೊಬ್ಬಳಿದ್ದಳು. ಅವಳ ಮಗಳಿಗೆ ಬೀದಿಯವರಿಟ್ಟ ಹೆಸರು ಮಾತಿನಮಲ್ಲಿ. ಎರಡು ವರ್ಷ ತುಂಬುವಷ್ಟರಲ್ಲಿ ಮಗು ಅರಳು ಹುರಿದಂತೆ ಮಾತಾಡುತ್ತಿತ್ತು. ಹೊಲಿಗೆ ಯಂತ್ರದ ಸದ್ದು ನಿಂತೊಡನೆ ದಾರದ ರೀಲನ್ನೆತ್ತಿ ತಾಯಿಗೆ ಕೊಡುವುದು ಅದಕ್ಕೆ ಆಟ.

ಒಂದು ದಿನ ಜ್ವರವೇರಿ ಸೆಳವು ಬಂದಿತು. ಬಂದದ್ದು ಬಿಡಲಿಲ್ಲ. ಆಸ್ಪತ್ರೆ ಮುಟ್ಟುವವರೆಗೂ ಆ ಎಳೆಯ ಮೈ ತಾಯಿಯ ತೋಳಿನಲ್ಲಿ ಸೆಟೆದು ಅದುರುತ್ತಲೇ ಇತ್ತು. ದೇವರು ಜೀವವನ್ನು ಹಿಂದಿರುಗಿಸಿದ, ಮಾತು ಹಿಂದಿರುಗಲಿಲ್ಲ. ಕರೆದರೆ ಮಗು ತಿರುಗದು. ಉಳಿದದ್ದು ಹಳೆಯ ರೂಢಿಯೊಂದೇ: ಯಂತ್ರ ನಿಂತರೆ ರೀಲು ಕೊಡುವುದು.

"ನೋಡಿ, ಎಷ್ಟು ಚುರುಕು!" ಎಂದು ಹೊಲಿಯುವವಳ ಅತ್ತೆ ಮನೆಗೆ ಬಂದವರಿಗೆಲ್ಲ ಅದನ್ನೇ ತೋರಿಸಿದಳು. ನಾದಿನಿಗೆ ಗಂಡು ಗೊತ್ತಾಗುವುದರಲ್ಲಿತ್ತು. "ಮನೇಲಿ ಫಿಟ್ಸ್ ಇದೆ ಅಂತ ಬಾಯಿಬಿಟ್ಟೀಯ, ಜೋಕೆ! ಅವಳ ಮದುವೆಗೆ ಕಲ್ಲು ಹಾಕ್ತೀಯೇನೇ?" ಎಂದು ಅತ್ತೆ ಸೊಸೆಯನ್ನು ಗದರಿದಳು.

ಸೊಸೆ ಬಾಯಿಗೆ ಬೀಗ ಹಾಕಿಕೊಂಡಳು. ಆಸ್ಪತ್ರೆಯವರು ಮತ್ತೆ ಬರಹೇಳಿದ್ದರೂ ಹೋಗಲಿಲ್ಲ. ವರ್ಷ ತಿರುಗಿತು.

ಕೊನೆಗೆ ಆಸ್ಪತ್ರೆಯ ಕಡೆಯಿಂದ, ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ಕಲಿಸುವಾಕೆಯೇ ಮನೆಗೆ ಬಂದಳು. ಅತ್ತೆ ಕಣ್ಸನ್ನೆ ಮಾಡಿದಳು. ಸೊಸೆ ಪೆಡಲಿನಿಂದ ಕಾಲು ತೆಗೆದಳು. ಯಂತ್ರ ನಿಂತಿತು, ರೀಲು ಬಂದಿತು.

"ಕೇಳೋಕೆ ಮುಂಚೇನೇ ಕೊಡ್ತಾಳೆ. ಅವರಮ್ಮನಿಗಿಂತ ಇವಳೇ ಜಾಣೆ," ಎಂದು ಅತ್ತೆ ನಕ್ಕಳು.

"ಹಾಗಿದ್ರೆ ಚಿಂತೆಯಿಲ್ಲ ಬಿಡಿ ಅಮ್ಮಾ," ಎನ್ನುತ್ತ ಬಂದವಳು ಚೀಲವನ್ನು ಹೆಗಲಿಗೇರಿಸಿದಳು. ಅವಳು ಹೊಸಿಲು ದಾಟಿದರೆ ಮಗಳ ದಾರಿ ಮುಚ್ಚಿತೆಂದು ತಾಯಿ ಬಲ್ಲಳು. ದೇವರನ್ನು ನೆನೆದಳು.

"ನಿಲ್ಲಿ ಅಕ್ಕಾ. ಕಂದಾ, ನಿನ್ನ ಗೊಂಬೆ ಕೊಡು."

ರೀಲು.

"ಲೋಟ ಕೊಡು."

ರೀಲು.

"ಅಮ್ಮ ಎಲ್ಲಿ? ತೋರ್ಸು ಚಿನ್ನಾ."

ಮಗು ರೀಲನ್ನು ಯಂತ್ರದ ಕಡೆಗೆ ಚಾಚಿತು.

"ಹೆತ್ತವಳೇನೇ ನೀನು? ಹೊಟ್ಟೇಲಿ ಹುಟ್ಟಿದ್ದನ್ನ ಪೆದ್ದು ಅಂತ ಸಾರಿಬಿಟ್ಟೆಯಲ್ಲೇ!" ಅತ್ತೆ ಎದೆ ಬಡಿದುಕೊಂಡಳು. ಅದಕ್ಕಿಂತಲೂ ಆಳಕ್ಕೆ ನಾಟಿದ್ದು ಬಂದವಳ ಮೆಲುಮಾತು: "ಒಂದು ವರ್ಷ ಸುಮ್ಮನಿದ್ರಲ್ಲಮ್ಮಾ. ಎಳೇ ಮಗೂಗೆ ಅದು ಸಣ್ಣ ಕಾಲ ಅಲ್ಲ. ನಾಳೆಯಿಂದಲೇ ಕರ್ಕೊಂಡು ಬನ್ನಿ."

ಸುದ್ದಿ ತಿಳಿದ ಗಂಡಿನ ಕಡೆಯವರು ಆ ವಾರವೇ ಮುಖ ತಿರುಗಿಸಿದರು. ಹೊಲಿಗೆ ಯಂತ್ರ ಜಗುಲಿಗೆ ಬಿತ್ತು, ಅದರ ಹಿಂದೆ ಸೊಸೆಯೂ ಮಗುವೂ. ಗಂಡ ತನ್ನ ತಾಯಿಯ ಸೆರಗು ಬಿಡಲಿಲ್ಲ. ಸೊಸೆ ಮಾತ್ರ ಮಗುವನ್ನು ಕಲಿಸುವಾಕೆಯ ಬಳಿಗೆ ದಿನವೂ ಕರೆದೊಯ್ದಳು. ಮಾತಿನಮಲ್ಲಿ ಇಂದಿಗೂ ಮಾತಾಡಿಲ್ಲ. ಬೀದಿಯ ಮಕ್ಕಳು ಆ ಹೆಸರನ್ನೇ ಕೂಗಿ ನಗುತ್ತವೆ. ಆದರೆ ಮೊನ್ನೆ, ಯಂತ್ರ ಓಡುತ್ತಿರುವಾಗಲೇ, ಲೋಟವೆಂದರೆ ಲೋಟವನ್ನೇ ಎತ್ತಿಕೊಟ್ಟಿತು. ತಾಯಿ ಪೆಡಲು ತುಳಿಯುತ್ತಲೇ ಅತ್ತಳು.

ಕಳೆದುಹೋದ ಆ ವರ್ಷವನ್ನು ದೇವರ ಮೇಲೆ ಹೊರಿಸಬೇಡಿ. ಅದನ್ನು ತಿಂದದ್ದು ನಮ್ಮ ನಾಚಿಕೆ. ನಿಮ್ಮ ಮನೆಯ ಕೂಸು ಸೆಳವಿನ ಬಳಿಕ ಕಲಿತದ್ದನ್ನು ಮರೆತಿದ್ದರೆ, ಅದರ ಒಂದು ಆಟವನ್ನು ತೆರೆಯಾಗಿ ಹಿಡಿಯಬೇಡಿ. ಆ ತಾಯಿ ತಡವಾಗಿ ಮಾಡಿದ್ದನ್ನು ನೀವು ಇಂದೇ ಮಾಡಿ, ನನ್ನಪ್ಪಂದಿರಾ, ನನ್ನಮ್ಮಂದಿರಾ: ಬಲ್ಲವರ ಮುಂದೆ ಬಾಯಿಬಿಡಿ.