ಬಾಟಲಿ ಬದಲಿಸಿದರೆ ಸಾಕು

ದೆಹಲಿ ಹತ್ತಿರದ ಮಾನೇಸರ್‌ನಲ್ಲಿ ಔಷಧ ಸಂಶೋಧನೆ ಮಾಡುವ ಒಂದು ಸಂಸ್ಥೆಯಿದೆ. ಅಲ್ಲಿನ ಅನಿಮಲ್ ಹೌಸ್‌ನಲ್ಲಿ ಇಲಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಗುರುಗ್ರಾಮದ ದೋಸೆ ಹೋಟೆಲಿಗೆ ಹಿಟ್ಟು ರುಬ್ಬಲು ಬಂದೆ, ಅಲ್ಲಿಂದ ಇಲ್ಲಿಗೆ ನೆಲ ಒರೆಸಲು ಸೇರಿದೆ, ಆಮೇಲೆ ಪಂಜರಗಳನ್ನು ನನ್ನ ಕೈಗೆ ಕೊಟ್ಟರು. ಯಾರ ಶಿಫಾರಸೂ ಇರಲಿಲ್ಲ. ಬೇರೆ ಕೋಣೆಗಳಲ್ಲಿ ವಾಸನೆ ಬರುತ್ತದೆ, ನನ್ನ ಕೋಣೆಯಲ್ಲಿ ಬರುವುದಿಲ್ಲ. ಹೇಳಿಕೊಳ್ಳಲು ನನಗೆ ಸಂಕೋಚವೇನಿಲ್ಲ.

ಆ ಕೋಣೆಯ ಇಲಿಗಳಿಗೆ ಬೇಕೆಂದೇ ಕಾಯಿಲೆ ಬರಿಸುತ್ತಾರೆ. ಮನುಷ್ಯರಿಗೆ ದೊಡ್ಡಕರುಳಿನಲ್ಲಿ ಹುಣ್ಣಾಗಿ, ರಕ್ತ ಬೀಳುತ್ತ, ವರ್ಷಗಟ್ಟಲೆ ಕಾಡುವ ಕಾಯಿಲೆಯೊಂದಿದೆಯಲ್ಲ, ಅದಕ್ಕೆ ಮದ್ದು ಹುಡುಕುವುದಕ್ಕಾಗಿ. ಕುಡಿಯುವ ನೀರಿನ ಬಾಟಲಿಗೆ ಒಂದು ಬಿಳಿ ಪುಡಿ ಬೆರೆಸುತ್ತಾರೆ, ಅಷ್ಟೇ. ಕೆಲವು ದಿನಗಳಲ್ಲಿ ಇಲಿ ಬೆನ್ನು ಗೂನು ಮಾಡಿಕೊಂಡು ಮೂಲೆ ಸೇರುತ್ತದೆ. ರೋಮ ಕೆದರುತ್ತದೆ, ತೂಕ ಇಳಿಯುತ್ತದೆ, ಹಿಕ್ಕೆಯಲ್ಲಿ ರಕ್ತ ಕಾಣುತ್ತದೆ. ಆ ಬಾಟಲಿ ತೆಗೆದು ಬರೀ ನೀರು ಇಟ್ಟರೆ, ಇನ್ನೊಂದೆರಡು ದಿನ ರಕ್ತ ಹೋಗಿ, ಬಹಳಷ್ಟು ಇಲಿಗಳು ತಾವಾಗಿಯೇ ಚೇತರಿಸಿಕೊಳ್ಳುತ್ತವೆ. ಹೊಸ ಔಷಧ ಕೊಟ್ಟವು ಉಳಿದವಕ್ಕಿಂತ ಬೇಗ ಚೇತರಿಸಿಕೊಂಡವೇ ಎಂದು ಪಿಎಚ್.ಡಿ. ಮಾಡುತ್ತಿರುವ ಮೈಸೂರಿನ ಹುಡುಗಿ ನೋಡುತ್ತಾಳೆ. ಎಲ್ಲರ ಮುಂದೆ ನಾನು ಅವಳನ್ನು ಮೇಡಂ ಅನ್ನುತ್ತೇನೆ. ಅವಳು ಎಲ್ಲರ ಮುಂದೆಯೂ ನನ್ನನ್ನು ಅಣ್ಣ ಅನ್ನುತ್ತಾಳೆ.

ನಾನು ಆ ಕೋಣೆಗೆ ಬಂದ ಮೇಲೆ ಅದೇ ಕಾಯಿಲೆ ನನ್ನ ಹೆಂಡತಿಗೆ ಬಂತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು ದೆಹಲಿಯ ಆಸ್ಪತ್ರೆಯ ಡಾಕ್ಟರು ಹೇಳಿದರು. ಇಟ್ಟಿಗೆ ಬಣ್ಣದ ಮಾತ್ರೆ ಬರೆದುಕೊಟ್ಟು, ಹುಷಾರಾದರೂ ನಿಲ್ಲಿಸಬಾರದು ಎಂದರು. ನಾನು ತಲೆಯಾಡಿಸಿದೆ.

ಊಟಕ್ಕೆ ಕುಳಿತಾಗ ಕೆಲಸದ ವಿಷಯ ಹೇಳುವುದು ನನ್ನ ಅಭ್ಯಾಸವಾಗಿತ್ತು. ಹೆಂಡತಿ ಕೇಳುತ್ತಿದ್ದಳು. ಬಾಟಲಿ ಬದಲಿಸಿದರೆ ಸಾಕು, ತಾವೇ ಸರಿಹೋಗುತ್ತವೆ ಎಂದು ಎಷ್ಟೋ ಸಲ ಹೇಳಿದ್ದೇನೆ. ಅವಳು ಅದನ್ನು ಹಿಡಿದುಕೊಂಡು, ತನ್ನ ಹೊಟ್ಟೆಗೆ ಹೋಗುವ ಯಾವುದೋ ಒಂದರಿಂದಲೇ ಕಾಯಿಲೆ ಎಂದುಕೊಂಡಳು. ಮೊದಲು ಹಾಲು ಬಿಟ್ಟಳು, ಆಮೇಲೆ ಮೆಣಸಿನಕಾಯಿ, ಆಮೇಲೆ ಗೋಧಿ ರೊಟ್ಟಿ. ಒಂದು ಸಂಜೆ ಮಾತ್ರೆ ತರಲು ಚಪ್ಪಲಿ ಮೆಟ್ಟುತ್ತಿದ್ದೆ.

"ತರಬೇಡಿ ಬಿಡ್ರೀ. ನಾನು ತಗೊಳ್ತಾನೇ ಇಲ್ಲ."

"ಯಾವಾಗಿಂದ?"

"ಹಬ್ಬದಿಂದ. ಎಲ್ಲಾ ಬಿಟ್ಟು ನೋಡಿದ್ದಾಯ್ತು. ದಿನಾ ಹೊಟ್ಟೆಗೆ ಹೋಗೋದು ಇನ್ನೇನು ಉಳಿದಿತ್ತು ಹೇಳಿ? ಆ ಮಾತ್ರೆ ಒಂದೇ. ಅದನ್ನೂ ತೆಗೆದೆ. ನೋಡಿ, ಎಷ್ಟು ಚೆನ್ನಾಗಿದೀನಿ!"

ಆಗ ಅವಳು ನಿಜವಾಗಿಯೂ ಚೆನ್ನಾಗಿದ್ದಳು. ನಾನು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ವಲ್ಪ ದಿನಕ್ಕೆ ರಕ್ತ ಶುರುವಾಯಿತು. ಆಸ್ಪತ್ರೆಗೆ ಹೋಗೋಣ ಅಂದರೆ, "ಹಳೇದು ಒಳಗಿರುತ್ತಲ್ಲ, ಹೋಗ್ಲಿ. ಇಲಿಗೂ ಒಂದೆರಡು ದಿನ ಹೋಗುತ್ತೆ ಅಂತ ನೀವೇ ಹೇಳಿದ್ರಿ" ಅಂದಳು. ಒಂದೆರಡು ದಿನ ಕಳೆದು ಬಹಳ ದಿನಗಳಾದವು. ಕೈಬಳೆ ಮೊಣಕೈಯವರೆಗೆ ಜಾರುತ್ತಿತ್ತು. ನಮ್ಮ ಮಗಳು ಬಾತ್‌ರೂಮಿನ ಬಾಗಿಲಿಗೆ ಕಿವಿ ಕೊಟ್ಟು, "ಪಪ್ಪಾ, ಮಮ್ಮಿ ಅಂದರ್ ಹೀ ಇದಾರೆ, ಎಷ್ಟೊತ್ತಾಯ್ತು" ಅನ್ನುತ್ತಿದ್ದಳು. ನಾನು ಎಂದಿನಂತೆ ಡ್ಯೂಟಿಗೆ ಹೋಗಿ ಬರುತ್ತಿದ್ದೆ. ಭಯ ಆಗಬೇಕಿತ್ತು. ನನಗೆ ಏನೂ ಅನ್ನಿಸುತ್ತಿರಲಿಲ್ಲ.

ಕೊನೆಗೆ ಮೈಸೂರಿನ ಹುಡುಗಿಗೆ ಹೇಳಿದೆ. ಒಂದು ಭಾನುವಾರ ಅವಳು ಕ್ಯಾಬ್ ಹಿಡಿದು ನಮ್ಮ ಬಾಡಿಗೆ ಮನೆಗೆ ಬಂದಳು. ಹೆಂಡತಿ ಗೋಡೆಗೆ ಒರಗಿಕೊಂಡೇ ನನ್ನ ಕೈಲಿ ಅವಳಿಗೆ ಚಹಾ ಮಾಡಿಸಿದಳು.

"ಅಕ್ಕ, ಇಲಿಗೆ ಹುಣ್ಣು ಮಾಡೋರು ನಾವು, ಹೊರಗಿಂದ. ಅದಕ್ಕೇ ನಾವು ನಿಲ್ಲಿಸಿದ್ರೆ ನಿಲ್ಲುತ್ತೆ. ನಿಮಗೆ ಯಾರೂ ಏನೂ ಬೆರೆಸಿಲ್ಲ. ನಿಮ್ಮ ಮೈಯೇ ನಿಮ್ಮ ಕರುಳಿನ ಮೇಲೆ ಜಗಳಕ್ಕೆ ಹೋಗ್ತಿದೆ. ಅದನ್ನ ಸುಮ್ಮನಿರಿಸೋದು ಆ ಮಾತ್ರೆ."

"ಹಂಗಾದ್ರೆ ಇಲಿ ಯಾಕಮ್ಮ ಬೇಕು ನಿಮಗೆ?"

"ಹುಣ್ಣು ಹೇಗೆ ಮಾಯುತ್ತೆ ಅಂತ ನೋಡೋಕೆ. ಎಲ್ಲಾ ನಿಮ್ಮ ಥರಾನೇ ಅಲ್ಲ ಅಕ್ಕ, ಒಂದಿಷ್ಟು ಮಾತ್ರ."

"ಮಾಯುತ್ತೆ ತಾನೇ? ನೀನೇ ಹೇಳಿದೆ, ಇವರೂ ಹೇಳ್ತಾರೆ." ಹೆಂಡತಿ ನಮ್ಮಿಬ್ಬರನ್ನೂ ಸೋಲಿಸಿದವಳ ಹಾಗೆ ನೋಡಿದಳು. "ಮಾಯ್ದ ಮೇಲೆ ಎಷ್ಟು ವರ್ಷ ಚೆನ್ನಾಗಿರ್ತವೆ?"

ಹುಡುಗಿ ಚಹಾದ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದಳು. ಆಮೇಲೆ ಅವುಗಳಿಗೆ ಏನಾಗುತ್ತದೆ ಎಂದು ನಾನು ಮನೆಯಲ್ಲಿ ಯಾವತ್ತೂ ಹೇಳಿರಲಿಲ್ಲ.

"ಇರಲ್ಲ," ಅಂದೆ. "ಗ್ಯಾಸ್ ಬಿಟ್ಟು ಸಾಯಿಸ್ತೀವಿ. ಕರುಳು ತೆಗೆದು ಉದ್ದ ಅಳೀಬೇಕು. ಕಾಯಿಲೆ ಇದ್ರೆ ಗಿಡ್ಡ ಆಗಿರುತ್ತೆ."

"ಹುಷಾರಾದವನ್ನೂನಾ?"

"ಅವನ್ನೂ."

"ಯಾರು ಸಾಯಿಸೋದು?"

"ನಾನೇ."

ಹೊರಗೆ ತರಕಾರಿ ಗಾಡಿಯವನು ಪಕ್ಕದ ಮನೆಯವಳ ಜೊತೆ ಟೊಮೇಟೊಗೆ ಚೌಕಾಶಿ ಮಾಡುತ್ತಿದ್ದ. ಹೆಂಡತಿ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ಹಂಗಾದ್ರೆ ಅವಕ್ಕೆ ಮುಂದೆ ಮತ್ತೆ ಬರ್ತಿತ್ತೋ ಏನೋ, ನಿಮಗೂ ಗೊತ್ತಿಲ್ಲ," ಅಂದಳು.

"ಗೊತ್ತಿಲ್ಲ."

"ಚಲೋ, ಮಾತ್ರೆ ತಗೊಂಬನ್ನಿ."

ನಾನು ಮೆಡಿಕಲ್ ಶಾಪಿಗೆ ಹೋಗಿ ತಂದೆ. ಹುಡುಗಿ ಆಗ ಇನ್ನೂ ಅಲ್ಲೇ ಇದ್ದಳು, ಫೋನಿನಲ್ಲಿ ಮರುದಿನಕ್ಕೆ ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಹುಡುಕುತ್ತಿದ್ದಳು. ನೀರಿನ ಲೋಟ ಹಿಡಿದು, ಮಾತ್ರೆಯನ್ನು ಪಟ್ಟಿಯಿಂದ ಬಿಡಿಸಿ ಹೆಂಡತಿಗೆ ಚಾಚಿದೆ.

"ಕೈ ತೊಳ್ಕೊಂಡು ಕೊಡಿ," ಅಂದಳು.

ಹಿಂದೆಂದೂ ಅವಳು ಹಾಗೆ ಹೇಳಿದವಳಲ್ಲ. ಸಿಂಕಿನ ಹತ್ತಿರ ಹೋಗಿ, ಸೋಪು ಹಚ್ಚಿ ತೊಳೆದುಕೊಂಡು ಬಂದು ಕೊಟ್ಟೆ. ನುಂಗಿದಳು.

ಮರುದಿನ ಡಾಕ್ಟರು ಬೈದರು, ಅಡ್ಮಿಟ್ ಮಾಡಿಕೊಂಡರು, ಸ್ಟೀರಾಯ್ಡ್ ಹಾಕಿದರು. ರಕ್ತ ನಿಲ್ಲಲು ಸಮಯ ಹಿಡಿಯಿತು, ಆದರೆ ನಿಂತಿತು. ಈಗ ಅವಳು ಹೊತ್ತಿಗೆ ಸರಿಯಾಗಿ ತಾನೇ ಎದ್ದು ಮಾತ್ರೆ ತೆಗೆದುಕೊಳ್ಳುತ್ತಾಳೆ. ಊಟಕ್ಕೆ ಕುಳಿತಾಗ ನಾವು ಮಗಳ ಪರೀಕ್ಷೆಯ ಬಗ್ಗೆ ಮಾತಾಡುತ್ತೇವೆ.