ದಾರದಕ್ಕನ ಹೊಟ್ಟೆಕಿಚ್ಚು

ಪುಸ್ತಕ ಕಟ್ಟುವ ಆ ಪುಟ್ಟ ಕಂಪನಿಯಲ್ಲಿ ಏಳು ಜನ ಕೆಲಸಗಾರರು, ಒಬ್ಬ ಫೋರ್‌ಮನ್, ವಾರಕ್ಕೊಮ್ಮೆ ಮುಖ ತೋರಿಸಿ ಹೋಗುವ ಯಜಮಾನರು. ಏಳು ಜನರಲ್ಲಿ ಎಲ್ಲರಿಗಿಂತ ಹಳಬಳು ದಾರದಕ್ಕ. ಹದಿನಾಲ್ಕು ವರ್ಷದಿಂದ ಹಿಂದಿನ ಮೂಲೆಯಲ್ಲಿ, ಮಿಣುಕುವ ಟ್ಯೂಬ್‌ಲೈಟಿನ ಕೆಳಗೆ ಕೂತು ಪುಸ್ತಕ ಹೊಲಿಯುತ್ತಿದ್ದವಳಿಗೆ ಆ ಹೆಸರು ಅಂಟಿಕೊಂಡಿತ್ತು. ಫೋರ್‌ಮನ್ ಮಾತ್ರ ಅವಳನ್ನು ಮುದುಕಿ ಎನ್ನುತ್ತಿದ್ದ. ಮೊದಲ ಸಲ ಹಾಗೆ ಕರೆದಾಗ ಅವಳಿಗೆ ಮೂವತ್ತೆರಡು ವರ್ಷ.

ಅವನ ಬಾಯಿಗೆ ಯಾರೂ ಹೊರತಲ್ಲ. ಗೋಂದು ಹಚ್ಚುವವನು ಅವನಿಗೆ ಜಿಗಣೆ, ಹಾಳೆ ಮಡಿಸುವ ಹೆಂಗಸು ಕೊರಡು. ಜಿಗಣೆ ಹಲ್ಲು ಕಿರಿದು ಸುಮ್ಮನಾಗುತ್ತಿದ್ದ. ಮಡಿಸುವವಳು ಬಚ್ಚಲಿಗೆ ಹೋಗಿ ಅತ್ತು, ಮುಖ ತೊಳೆದು ಬರುತ್ತಿದ್ದಳು. ದಾರದಕ್ಕನ ದಾರಿಯೇ ಬೇರೆ: ಅವನು ಶುರುಮಾಡಿದ ಕೂಡಲೇ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ತುಟಿ ಪಿಟಕ್ಕೆನ್ನದೆ ಹೊಲಿಯುವುದು. ಬಾಯಲ್ಲಿ ದಾರವಿರುವಾಗ ಉತ್ತರ ಕೊಡುವುದಾದರೂ ಹೇಗೆ ಎಂದು ತನಗೆ ತಾನೇ ಸಮಾಧಾನ. ನುಂಗಿದ್ದನ್ನೆಲ್ಲ ಸಂಜೆ ಮನೆಯಲ್ಲಿ ಗಂಡನ ಮೇಲೆ ಕಾರುತ್ತಿದ್ದಳು. ದಿನವಿಡೀ ಬಸ್ಸಿನಲ್ಲಿ ಟಿಕೆಟ್ ಹರಿದು ಬಂದ ಆ ಬಡಪಾಯಿ ಹೂಂಗುಟ್ಟುತ್ತ ಕೇಳುತ್ತಿದ್ದ.

ಇಷ್ಟನ್ನೂ ಅವಳು ಸಹಿಸಿದ್ದು ಒಂದು ಆಸೆಗೆ. ಕಿಟಕಿಯ ಪಕ್ಕದಲ್ಲಿ ತಪಾಸಣೆಯ ಮೇಜಿತ್ತು. ಮಡಿಸಿದ ಹಾಳೆಗಳ ಒಂದೊಂದು ಕಂತೆಗೆ ಫಾರಂ ಎನ್ನುತ್ತಾರೆ. ಪ್ರತಿ ಫಾರಮ್ಮಿನ ಬೆನ್ನಿನ ಮೇಲೂ ಒಂದು ಕಪ್ಪು ಗೆರೆ, ಹಿಂದಿನದಕ್ಕಿಂತ ಮುಂದಿನದು ತುಸು ಕೆಳಗೆ. ಸರಿಯಾಗಿ ಜೋಡಿಸಿದರೆ ಬೆನ್ನಿನ ಮೇಲೆ ಮೆಟ್ಟಿಲು ಇಳಿದ ಹಾಗೆ ಕಾಣುತ್ತದೆ. ಒಂದು ತಪ್ಪಿದರೆ ಮೆಟ್ಟಿಲು ಮುರಿಯುತ್ತದೆ. ಹಗಲು ಬೆಳಕಿನಲ್ಲಿ ಕೂತು ಆ ಮೆಟ್ಟಿಲು ನೋಡುವುದೇ ಕಿಟಕಿ ಮೇಜಿನ ಕೆಲಸ. ಸೂಜಿಗೆ ದಾರ ಪೋಣಿಸಲು ಮೂರು ಸಲ ತಡಕಾಡುವ ಹಾಗಾಗಿದ್ದ ದಾರದಕ್ಕನಿಗೆ ಅದು ಸಿಕ್ಕಿದರೆ ಇನ್ನೂ ಹತ್ತು ವರ್ಷ ದುಡಿಯಬಹುದಿತ್ತು, ಸಿಗದಿದ್ದರೆ ಎರಡು ವರ್ಷವೂ ಕಷ್ಟ. ಅಲ್ಲಿ ಕೂರುತ್ತಿದ್ದ ತಾತ ಕೆಲಸ ಬಿಟ್ಟ ಮೇಲೆ ಮೇಜು ನಿನಗೇ ಎಂದು ಯಜಮಾನರು ಎಂದೋ ಬಾಯಿಮಾತಿಗೆ ಹೇಳಿದ್ದರು.

ತಾತ ಕೆಲಸ ಬಿಡುವ ಹೊತ್ತಿಗೆ ಸರಿಯಾಗಿ ಹೊಸಬಳು ಬಂದಳು. ದಾರ ಕಚ್ಚಿ ಕಚ್ಚಿ ಸಡಿಲಾಗಿದ್ದ ಹಲ್ಲನ್ನು ಕೀಳಿಸಿಕೊಂಡು ಎರಡು ದಿನ ಮನೆಯಲ್ಲಿದ್ದ ದಾರದಕ್ಕ, ಊದಿದ ಕೆನ್ನೆ ಹೊತ್ತು ಮೂರನೆಯ ದಿನ ಬಂದಾಗ ಕಂಡದ್ದೇನು? ಫೋರ್‌ಮನ್ ಹೊಸಬಳ ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ, "ಈ ಕಟ್ಟು ಮಧ್ಯಾಹ್ನದೊಳಗೆ ಮುಗಿಸ್ತೀರಾ?" ಎಂದು ಕೇಳುತ್ತಿದ್ದ. ಮುಗಿಸ್ತೀರಾ! ದಾರದಕ್ಕನ ಕಿವಿ ನೆಟ್ಟಗಾಯಿತು. ಮರುಕ್ಷಣವೇ ಅವನು ಮೂಲೆಯತ್ತ ತಿರುಗಿ, ಹಲ್ಲು ಉದುರಿತೇನೇ ಮುದುಕಿ, ಇನ್ನು ಬರೀ ಗಂಜಿಯೇ ಗತಿ ಎಂದ.

ಆವತ್ತು ಹತ್ತಿಕೊಂಡ ಉರಿ ಆರಲಿಲ್ಲ. ಹೊಸಬಳು ಯಜಮಾನರ ಕಡೆಯವಳಿರಬೇಕು ಎಂದುಕೊಂಡಳು. ಅಲ್ಲವೆಂದು ಗೊತ್ತಾಯಿತು. ಅವನು ಬಣ್ಣಕ್ಕೆ ಮರುಳಾಗಿರಬೇಕು ಎಂದರೆ, ಹೊಸಬಳು ನೋಡಲು ತೀರಾ ಸಾಧಾರಣ, ವಯಸ್ಸೂ ನಲವತ್ತರ ಆಸುಪಾಸು. ಅವಳ ಚಪ್ಪಲಿ, ಅವಳ ಡಬ್ಬಿ, ಮಡಿಕೆ ತೀಡುವಾಗ ಅವಳ ಮೊಣಕೈ ಹೋಗುವ ರೀತಿ, ಯಾವುದನ್ನು ಕಂಡರೂ ದಾರದಕ್ಕನ ಮೈ ಉರಿಯುತ್ತಿತ್ತು. ಕೊನೆಗೆ ತಡೆಯಲಾರದೆ ಮಡಿಸುವವಳನ್ನು ಕೇಳಿದಳು. ಮೊದಲ ದಿನವೇ ಫೋರ್‌ಮನ್ ಹೊಸಬಳಿಗೆ ಏನೋ ಅಡ್ಡಹೆಸರಿಟ್ಟು ಕೂಗಿದನಂತೆ. ಅವಳು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಎದ್ದು ನಿಂತು, ಕೆಲಸದ ವಿಷಯ ಎಷ್ಟು ಬೇಕಾದರೂ ಹೇಳಿ, ಹೀಗೆ ಕರೆದರೆ ಮಾತ್ರ ನಾನು ಓಗೊಡುವುದಿಲ್ಲ ಎಂದಳಂತೆ. ದನಿ ಏರಿಸಲೂ ಇಲ್ಲವಂತೆ. ಅವನು ಇನ್ನೂ ಎರಡು ಸಲ ಕೂಗಿ ನೋಡಿದ. ಅವಳು ಓಗೊಡಲಿಲ್ಲ. ಅಷ್ಟೇ.

"ಅಷ್ಟೇನಾ?" ಎಂದಳು ದಾರದಕ್ಕ.

ಒಂದು ನಿಮಿಷದ ಕೆಲಸ! ಹದಿನಾಲ್ಕು ವರ್ಷದಲ್ಲಿ ಅವಳಿಗೆ ಆ ಒಂದು ನಿಮಿಷ ಸಿಕ್ಕಿರಲಿಲ್ಲ. ಹೊಸಬಳು ಲಂಚ ಕೊಟ್ಟೋ ವಶೀಲಿ ಹಚ್ಚಿಯೋ ಮರ್ಯಾದೆ ಗಿಟ್ಟಿಸಿದ್ದರೆ ದಾರದಕ್ಕ ಹೇಗೋ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳಲಾಗಲಿಲ್ಲ. ಅದೇ ವಾರ, ಮುದುಕಿಗೆ ಕಣ್ಣು ಕಾಣುವುದಿಲ್ಲ ಎಂದು ಯಜಮಾನರ ಕಿವಿ ಊದಿ, ಫೋರ್‌ಮನ್ ಕಿಟಕಿ ಮೇಜನ್ನು ಹೊಸಬಳಿಗೆ ಕೊಡಿಸಿದ. ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

ನಾಲ್ಕು ದಿನ ಕಳೆದಿತ್ತು. ಹೊಸಬಳ ಮೇಜಿನಿಂದ ಬಂದ ಕಟ್ಟನ್ನು ದಾರದಕ್ಕ ಮಡಿಲಿಗೆ ಎಳೆದುಕೊಂಡಳು. ಮೇಲಿನ ನಾಲ್ಕು ಪುಸ್ತಕ ಸರಿಯಿದ್ದವು. ಐದನೆಯದರ ಮೆಟ್ಟಿಲು ನಡುವೆ ಮುರಿದಿತ್ತು: ಆರನೆಯ ಫಾರಂ ಎರಡು, ಏಳನೆಯದು ಇಲ್ಲವೇ ಇಲ್ಲ. ಅದರ ಕೆಳಗಿನವೂ ಹಾಗೆಯೇ. ಹೊಸಬಳು ಮೇಲಿನವನ್ನಷ್ಟೇ ನೋಡಿ ಉಳಿದದ್ದನ್ನು ನಂಬಿಬಿಟ್ಟಿದ್ದಳು. ಕಣ್ಣು ಕಾಣದ ಮುದುಕಿಗೆ ಮಾತ್ರ ಆ ಕತ್ತಲ ಮೂಲೆಯಲ್ಲೂ ಮೊದಲ ನೋಟಕ್ಕೇ ಕಂಡಿತು. ಕೂಗಿ ಹೇಳಿದರೆ ಐದು ನಿಮಿಷದಲ್ಲಿ ಸರಿಹೋಗುತ್ತಿತ್ತು. ದಾರದಕ್ಕ ಹೇಳಲಿಲ್ಲ. ಮೂವತ್ತಾರು ತಪ್ಪು ಪುಸ್ತಕಗಳನ್ನು, ತನ್ನ ಜೀವಮಾನದಲ್ಲೇ ಅಷ್ಟು ಚೆಂದದ ಹೊಲಿಗೆ ಹಾಕಿರಲಿಲ್ಲವೆನ್ನುವ ಹಾಗೆ, ಒಂದೊಂದಾಗಿ ಹೊಲಿದಳು. ಇವತ್ತು ನೋಡೋಣ, ಅವನು ಹೇಗೆ ನೀವು ತಾವು ಅನ್ನುತ್ತಾನೋ ಎಂದು ಒಳಗೊಳಗೇ ಹಿಗ್ಗಿದಳು.

ಗೋಂದಿನ ಮೇಜಿನಲ್ಲಿ ತಪ್ಪು ಸಿಕ್ಕಿಬಿತ್ತು. ಫೋರ್‌ಮನ್ ಒಂದು ಪುಸ್ತಕ ಎತ್ತಿಕೊಂಡು ಬಂದ. ಕಿಟಕಿಯತ್ತ ನೋಡಿದ, ಒಂದು ಗಳಿಗೆ ನಿಂತ, ಆಮೇಲೆ ನೇರ ಮೂಲೆಗೆ ನಡೆದ. ಸಿಟ್ಟಿಗೂ ಅಭ್ಯಾಸದ ದಾರಿಯೊಂದು ಇರುತ್ತದಲ್ಲ. ಪುಸ್ತಕವನ್ನು ದಾರದಕ್ಕನ ಮಡಿಲಿಗೆ ಎಸೆದು ಬಾಯಿಗೆ ಬಂದ ಹಾಗೆ ಬೈದ. ಕುರುಡಿ ಎಂದ, ದಂಡಪಿಂಡ ಎಂದ, ನಾಳೆಯಿಂದ ಬರಬೇಡ ಎಂದ. ಅವಳ ಕೈ ತಾನಾಗಿಯೇ ದಾರವನ್ನು ಬಾಯಿಗೆ ಒಯ್ದಿತು. ಕಚ್ಚಲು ನೋಡಿದರೆ ಆ ಜಾಗದಲ್ಲಿ ಹಲ್ಲಿರಲಿಲ್ಲ.

ಅಷ್ಟರಲ್ಲಿ ಹೊಸಬಳು ಎದ್ದು ಬಂದಳು. ತಪಾಸಣೆ ಮಾಡಿದ್ದು ನಾನು, ತಪ್ಪು ನನ್ನದು, ಅವರನ್ನು ಬಿಡಿ ಎಂದಳು. ದಾರದಕ್ಕನಿಗೆ ಕೃತಜ್ಞತೆ ಬರಬೇಕಿತ್ತು. ಬಂದದ್ದು ಇನ್ನಷ್ಟು ಹೊಟ್ಟೆಕಿಚ್ಚು. ಮರ್ಯಾದೆಯೂ ಇವಳಿಗೆ, ಮೇಜೂ ಇವಳಿಗೆ, ಈಗ ದೊಡ್ಡತನವೂ ಇವಳಿಗೇ ಬೇಕೇ? ಮಡಿಲಿನ ಪುಸ್ತಕವನ್ನು ಕೆಳಗಿಟ್ಟು ಎದ್ದಳು. ಮಂಡಿ ಲಟಕ್ಕೆಂದಿತು.

"ಅವಳದ್ದಲ್ಲ, ನನ್ನದು. ನಂಗೆ ಕಾಣಿಸಿತ್ತು. ಕಂಡೂ ಕಂಡೂ ಹೊಲಿದೆ. ನಾಳೆಯಿಂದ ಬರಬೇಡ ಅಂದ್ರೆ ಬರಲ್ಲ. ಆದ್ರೆ ಮುದುಕಿ ಅನ್ನಬೇಡಿ. ಕುರುಡಿ ಅಂತೂ ಅನ್ನಲೇಬೇಡಿ."

ತಪ್ಪು ಒಪ್ಪಿಕೊಂಡವಳು ಮರ್ಯಾದೆ ಕೇಳುವುದನ್ನು ಅವನು ಎಂದೂ ಕಂಡಿರಲಿಲ್ಲ. ಜಿಗಣೆ ನಗಲಿಲ್ಲ, ಮಡಿಸುವವಳು ಬಚ್ಚಲಿಗೆ ಓಡಲಿಲ್ಲ. ಎಲ್ಲರೂ ಕೆಲಸ ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು. ಸಂಜೆಯೊಳಗೆ ಎಲ್ಲ ಬಿಚ್ಚಿ ಸರಿಮಾಡಬೇಕು ಎಂದು, ಯಾರಿಗೆ ಹೇಳಿದ್ದೆಂದು ತಿಳಿಯದ ಹಾಗೆ ಗೋಡೆಗೆ ಹೇಳಿ ಹೊರಟುಹೋದ. ನಾಳೆಯ ಮಾತು ಮತ್ತೆ ಎತ್ತಲಿಲ್ಲ.

ಮೂವತ್ತಾರು ಪುಸ್ತಕ ಬಿಚ್ಚಲು ಹೊಸಬಳು ಕರೆಯದೆಯೇ ಪಕ್ಕದಲ್ಲಿ ಬಂದು ಕೂತಳು. ಬ್ಲೇಡಿನಿಂದ ದಾರ ಕತ್ತರಿಸುವುದರಲ್ಲೂ ಅವಳ ಕೈ ಚುರುಕು. ದಾರದಕ್ಕ ಅದನ್ನೂ ಓರೆಗಣ್ಣಿನಿಂದ ನೋಡಿದಳು.

"ಯಾಕಕ್ಕ ಹೀಗೆ ಮಾಡಿದ್ರಿ? ಮೇಜಿಗಾ?" ಎಂದು ಹೊಸಬಳು ಮೆಲ್ಲಗೆ ಕೇಳಿದಳು.

"ಮೇಜು ಆಮೇಲೆ. ನಿನ್ನ ಹತ್ರ ಅವನು ಮನುಷ್ಯರ ಹಾಗೆ ಮಾತಾಡ್ತಾನಲ್ಲ, ಅದನ್ನ ನೋಡೋಕಾಗ್ಲಿಲ್ಲ."

ಹೊಸಬಳು ಬ್ಲೇಡು ನಿಲ್ಲಿಸಿದಳು. ಹಿಂದೆ ಕೆಲಸಕ್ಕಿದ್ದ ಕಡೆಯೂ ಇಂಥವನೊಬ್ಬ ಇದ್ದ, ಅಲ್ಲಿ ನಾನೂ ತಲೆ ತಗ್ಗಿಸಿಕೊಂಡೇ ಇದ್ದೆ ಎಂದಳು. ಇಲ್ಲಿಗೆ ಸೇರುವ ಮುಂಚೆ ಕನ್ನಡಿಯ ಮುಂದೆ ನಿಂತು ಆ ಒಂದು ಮಾತನ್ನು ಎಷ್ಟು ಸಲ ಹೇಳಿಕೊಂಡೆನೋ ಲೆಕ್ಕವಿಲ್ಲ. ಇವನ ಮುಂದೆ ಹೇಳುವಾಗ ಕಾಲು ನಡುಗುತ್ತಿತ್ತು, ಮೇಜು ಅಡ್ಡವಿದ್ದದ್ದರಿಂದ ಯಾರಿಗೂ ಕಾಣಲಿಲ್ಲ ಎಂದಳು.

"ಅಲ್ಲಿ ಎಷ್ಟು ವರ್ಷ ಸಹಿಸ್ಕೊಂಡೆ?"

"ಆರು ವರ್ಷ, ಅಕ್ಕ."

ದಾರದಕ್ಕ ಮುಂದಿನ ಪುಸ್ತಕ ಎತ್ತಿಕೊಂಡಳು. ದಾರದ ಗಂಟು ಹುಡುಕಿ ಬ್ಲೇಡು ಹಾಯಿಸಿದಳು.

"ಆರೇ ವರ್ಷನಾ?" ಎಂದಳು. ಅವಳ ಹೊಟ್ಟೆ ಮತ್ತೆ ಉರಿಯತೊಡಗಿತ್ತು.